ಬೈಸಿಕೊಳ್ಳದವರ ಬೆಂಚು

ನೀವು ನಂಬುವುದಿಲ್ಲ, ನನಗೆ ಗೊತ್ತು. ನಂಬಲೇಬೇಡಿ, ಎಷ್ಟು ಹೊತ್ತು ತಡೆದುಕೊಳ್ಳುತ್ತೀರೋ ನೋಡಿಯೇ ಬಿಡೋಣ. ನಮ್ಮೂರ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ ಅಂಗೈ ಮೇಲೆ ಬೆಣ್ಣೆ ಇಟ್ಟರೆ ಕರಗುತ್ತಿತ್ತು. ಅದೂ ಆಷಾಢದಲ್ಲಿ, ಒಗೆದ ಪಂಚೆ ವಾರವಾದರೂ ಒಣಗದೆ ಅಣಬೆ ವಾಸನೆ ಹೊಡೆಯುವ ಕಾಲದಲ್ಲಿ. ನಾನೇ ಮನೆಯಿಂದ ಬಾಳೆಲೆಯಲ್ಲಿ ಬೆಣ್ಣೆ ಕಟ್ಟಿಕೊಂಡು ಹೋಗಿ, "ಕಣ್ಮುಚ್ಚಿ, ಕೈ ಚಾಚಿ" ಎಂದು ಹೇಳಿ, ಆ ಅಗಲವಾದ ಕೆಂಪು ಅಂಗೈಯ ನಡುವೆ ಇಟ್ಟು ಪರೀಕ್ಷೆ ಮಾಡಿದವನು. ಬೆಣ್ಣೆ ಮೊದಲು ಜಾರಿತು, ಆಮೇಲೆ ಕರಗಿತು, ಆಮೇಲೆ ಮಣಿಕಟ್ಟಿನಿಂದ ಅಂಗಿಯ ತೋಳಿನೊಳಗೆ ಇಳಿಯಿತು. ಅವರು ಕಣ್ಣು ಬಿಟ್ಟು, ಬೆರಳು ನೆಕ್ಕಿ, "ಎಮ್ಮೇದಾ, ಹಸೂದಾ?" ಎಂದರು. ಅಷ್ಟೇ.

ಗುಟ್ಟು ಏನೆಂದರೆ, ಅವರ ಮೇಜಿನ ಪಕ್ಕದಲ್ಲಿ ಯಾವಾಗಲೂ ಒಂದು ಇದ್ದಿಲಿನ ಅಗ್ಗಿಷ್ಟಿಕೆ ಇರುತ್ತಿತ್ತು. ಗಾಯ ತೊಳೆಯುವ ನೀರು ಕಾಯುವುದೂ ಅದರಲ್ಲೇ, ಕಾಫಿ ಕಾಯುವುದೂ ಅದರಲ್ಲೇ. ಯಾರ ಹೊಟ್ಟೆ ಮುಟ್ಟಿ ನೋಡುವ ಮುಂಚೆಯೂ ಅವರು ಎರಡು ಕೈಯನ್ನೂ ಕೆಂಡದ ಮೇಲೆ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿಕೊಳ್ಳುತ್ತಿದ್ದರು. "ತಣ್ಣನೆ ಕೈಯಲ್ಲಿ ಮುಟ್ಟಿದ್ರೆ ಕಾಯಿಲೆ ಬೆದರಿ ಒಳಗೆ ಅಡಗಿ ಕೂತ್ಕಳ್ತದೆ" ಎನ್ನುತ್ತಿದ್ದರು. ಅದು ವೈದ್ಯಶಾಸ್ತ್ರವೋ ಅಲ್ಲವೋ ನನಗೆ ಗೊತ್ತಿಲ್ಲ. ಆ ಕೈ ಹೊಟ್ಟೆಯ ಮೇಲೆ ಬಿದ್ದೊಡನೆ ಅರ್ಧ ನೋವು ನಾಚಿಕೊಂಡು ಎದ್ದು ಹೋಗುತ್ತಿದ್ದದ್ದು ಮಾತ್ರ ನಿಜ.

ಇನ್ನು ನನ್ನ ವಿಷಯ. ಜಾವಳಿ ಕಡೆ ನಮಗೆ ಸಣ್ಣದೊಂದು ಕಾಫಿ ತೋಟ. ಆದರೆ ನನ್ನ ಹೆಸರು ತೋಟಕ್ಕಿಂತ ದೊಡ್ಡದಿತ್ತು, ಅದು ಕೀಟಲೆಯಿಂದ ಗಳಿಸಿದ್ದು. ಶಾನುಭೋಗರ ಮಡಚಿದ ಕೊಡೆಯೊಳಗೆ ಕಪ್ಪೆ ಬಿಟ್ಟವನು ನಾನು. ದೇವರಮನೆ ಗುಡ್ಡದ ಮರೆಯಲ್ಲಿ ಕೂತು, ಖಾಲಿ ಮಡಕೆಯೊಳಗೆ ಬಾಯಿಟ್ಟು ಹುಲಿಯ ಹಾಗೆ ಗುರುಗುಟ್ಟಿ, ಮದುಮಗನ ಸಮೇತ ಒಂದು ದಿಬ್ಬಣವನ್ನೇ ಬಂದ ದಾರಿಗೆ ಓಡಿಸಿದವನೂ ನಾನೇ. ಮೂಡಿಗೆರೆಯಿಂದ ಕಳಸದ ತನಕ ನನ್ನ ಕೈಯಲ್ಲಿ ಮೂರ್ಖರಾಗದ ಮನುಷ್ಯರು ಕಡಿಮೆ. ನನ್ನನ್ನು ಮೂರ್ಖನನ್ನಾಗಿ ಮಾಡಿದವರು ಒಬ್ಬರೇ. ಅದಕ್ಕೇ ಇವತ್ತು ಕಾಗದ ಪೆನ್ನು ಹಿಡಿದು ಕೂತದ್ದು.

ಕಾಂಪೌಂಡರು ವಸ್ತಾರೆ ಕಡೆಯವರು. ಕುಳ್ಳು ಆಸಾಮಿ, ಕಿವಿಯ ಮೇಲೆ ಕೂದಲು, ನೆತ್ತಿಯ ಮೇಲೆ ಏನೂ ಇಲ್ಲ. ಡಾಕ್ಟರು ವಾರಕ್ಕೊಮ್ಮೆ ತಾಲ್ಲೂಕಿನಿಂದ ಬರಬೇಕು, ಮಳೆಗಾಲದಲ್ಲಿ ಅದೂ ಇಲ್ಲ. ಹೀಗಾಗಿ ಮಹಾರಾಜರ ಸರ್ಕಾರದ ಪರವಾಗಿ ನಮ್ಮ ಸೀಮೆಯ ಕೆಮ್ಮು, ನೆಗಡಿ, ಜಿಗಣೆ ಕಚ್ಚಿದ ಹುಣ್ಣು, ಚಳಿಜ್ವರ ಎಲ್ಲಕ್ಕೂ ಅವರೇ ದಿಕ್ಕು. ಅವರ ಕ್ರಮವೇ ಬೇರೆ. ಹೋದವರನ್ನು ಕಾಯಿಲೆ ಏನೆಂದು ಮೊದಲು ಕೇಳುತ್ತಲೇ ಇರಲಿಲ್ಲ. "ಮೊದ್ಲು ಕೂತ್ಕಳಿ. ಕರು ಹಾಕ್ತಾ ಕೆಂದ ಹಸು? ನಿಮ್ಮ ಮಾವ ಇನ್ನೂ ಮಾತು ಬಿಟ್ಟಿದಾರಾ?" ಹೀಗೆ ಸುತ್ತಿ ಬಳಸಿ, ನಮ್ಮ ಕೈಗೆ ಕಾಫಿ ಲೋಟ ಕೊಟ್ಟು, ಎಲ್ಲ ಮುಗಿದ ಮೇಲೆ, "ಅಂದ ಹಾಗೆ ಬಂದಿದ್ದು ಎಂತಕ್ಕೆ?" ಎನ್ನುತ್ತಿದ್ದರು. ಎಷ್ಟೋ ಸಲ ನಮಗೇ ಮರೆತು ಹೋಗಿರುತ್ತಿತ್ತು.

ಅವರನ್ನು ಪರೀಕ್ಷೆ ಮಾಡಲೆಂದು ಒಮ್ಮೆ ಇಲ್ಲದ ಹೊಟ್ಟೆನೋವು ಹೊತ್ತುಕೊಂಡು ಹೋದೆ. ಬೆಂಚಿನ ಮೇಲೆ ಸುರುಟಿಕೊಂಡು, "ಅಯ್ಯಯ್ಯೋ, ಕರುಳು ಹಿಂಡ್ತಿದೆ" ಎಂದು ನರಳಿದೆ. ಬಿಸಿ ಕೈಯಿಂದ ಹೊಟ್ಟೆ ಸವರಿದರು. ಮುಖದಲ್ಲಿ ಎಷ್ಟು ಕರುಣೆ!

"ಪಾಪ, ತುಂಬಾ ನೋವಾ?"

"ಪ್ರಾಣ ಹೋಗ್ತಿದೆ ಕಾಂಪೌಂಡರೆ."

"ಹೋಗಕ್ಕೆ ಬಿಡಲ್ಲ. ಕಾಫಿ ಕುಡೀರಿ."

ಬೆಲ್ಲದ ಕಾಫಿ, ಗಮಗಮ. ಕೊನೆಯ ಗುಟುಕಿನಲ್ಲಿ ಏನೋ ಜಿಡ್ಡು ಜಿಡ್ಡು. ಅದು ಹರಳೆಣ್ಣೆ ಎಂದು ಗೊತ್ತಾಗುವ ಹೊತ್ತಿಗೆ ನಾನು ದಾರಿಯಲ್ಲಿದ್ದೆ. ಮನೆ ತಲುಪುವಷ್ಟರಲ್ಲಿ ದಾರಿ ಬದಿಯ ಯಾವ ಪೊದೆ ಎಷ್ಟು ದಟ್ಟ ಎಂಬುದನ್ನು ನನ್ನಷ್ಟು ತಿಳಿದವನು ಆ ಸೀಮೆಯಲ್ಲೇ ಇರಲಿಲ್ಲ. ಮಾರನೆಯ ದಿನ ಹೋಗಿ ಅಡ್ಡಬಿದ್ದೆ. ಅಲ್ಲಿಂದ ನಮ್ಮದು ಗೆಳೆತನ. ಕಾಂಪೌಂಡರ ಬೆಂಚಿನಲ್ಲಿ ಕೆಂಡಕ್ಕೆ ಹತ್ತಿರದ ತುದಿ ನನ್ನದು, ಬೇರೆ ಯಾರಾದರೂ ಕೂತಿದ್ದರೆ "ಏಳಪ್ಪಾ, ಹೊಟ್ಟೆನೋವಿನವರು ಬಂದ್ರು" ಎಂದು ಅವರೇ ಎಬ್ಬಿಸುತ್ತಿದ್ದರು.

ಆಮೇಲೆ ಯುದ್ಧ ಬಂತು. ಯುದ್ಧ ನಮಗೆ ಕಂಡದ್ದು ಸೀಮೆಎಣ್ಣೆ ಮಾಯವಾದದ್ದರಲ್ಲಿ, ಅಕ್ಕಿಗೆ ಅಳತೆ ಬಂದದ್ದರಲ್ಲಿ. ಜಪಾನಿನವರು ಜಾವಾ ಹಿಡಿದರು ಎಂದು ಯಾರೋ ಪತ್ರಿಕೆ ಓದಿ ಹೇಳಿದಾಗ, "ಹಿಡೀಲಿ ಬಿಡಿ, ಜಾವಳಿ ಹಿಡಿಯದಿದ್ರೆ ಸಾಕು" ಎಂದು ನಾನೇ ನಗಿಸಿದ್ದೆ. ಚಳಿಜ್ವರಕ್ಕೆ ಕೊಡುವ ಕ್ವಿನೈನು ಆ ಜಾವಾದಿಂದಲೇ ಬರುತ್ತಿತ್ತು ಎನ್ನುವುದು ನಗುವವರಿಗೂ ಗೊತ್ತಿರಲಿಲ್ಲ, ನಗಿಸುವವನಿಗೂ ಗೊತ್ತಿರಲಿಲ್ಲ. ಅಲ್ಲಿದ್ದವರಲ್ಲಿ ನಗದೆ ಇದ್ದವರು ಕಾಂಪೌಂಡರು ಮಾತ್ರ.

ನಮ್ಮಲ್ಲಿ ಹೂಮಳೆ ಬಿದ್ದು ಕಾಫಿ ಹೂ ಉದುರಿದ ಮೇಲೆ ಚಳಿಜ್ವರದ ಕಾಲ. ಆ ವರ್ಷ ಜ್ವರ ಮನೆ ಮನೆ ಹೊಕ್ಕಿತು. ಎಸ್ಟೇಟಿನ ಕೂಲಿಗಳ ಸಾಲುಮನೆಗಳಾದ ಲೈನುಗಳಲ್ಲಂತೂ ಉದ್ದಕ್ಕೆ ಮಲಗಿದವರೇ. ಆಸ್ಪತ್ರೆಯ ಮುಂದೆ ಜನ ಜಾತ್ರೆಯ ಹಾಗೆ ಸೇರತೊಡಗಿದರು. ಆಗ ಕಾಂಪೌಂಡರಲ್ಲಿ ಒಂದು ಬದಲಾವಣೆ ಕಂಡಿತು. ಲೈನಿನವರನ್ನು ಕಂಡರೆ ಅವರು ಉರಿದು ಬೀಳುತ್ತಿದ್ದರು.

ಒಬ್ಬ ಹೆಂಗಸಿನ ನೆನಪಿದೆ, ಘಟ್ಟದ ಕೆಳಗಿನವಳು, ಕೊರಳೆಲುಬು ಎದ್ದು ಕಾಣುವಂಥ ಒಣಕಲು ಮೈ. ಸೂರಂಚಿನಲ್ಲಿ ನಡುಗುತ್ತ ನಿಂತಿದ್ದಳು. ಕಾಂಪೌಂಡರು ಬಾಗಿಲಿಗೆ ಬಂದು ಗುಡುಗಿದರು.

"ಬಾಯಿ ತೆರಿ! ಇನ್ನೂ ತೆರಿ! ಇಲ್ಲಿ ಜಿಪುಣತನ ತೋರಿಸ್ಬೇಡ!"

ಚೂರು ಕಾಗದದಲ್ಲಿದ್ದ ಬಿಳಿ ಪುಡಿಯನ್ನು ಅವಳ ನಾಲಿಗೆಗೆ ಕೊಡವಿದರು. "ನುಂಗು. ನೀರು ಕುಡಿ. ಈಗ ನಾಲಿಗೆ ತೋರ್ಸು. ಉಗುಳಿದ್ಯೋ, ಈ ಮೆಟ್ಲು ಹತ್ತಬೇಡ ಇನ್ಮೇಲೆ."

"ಕಹಿ ಉಂಟು ಸ್ವಾಮಿ. ಕರುಳೇ ಬಾಯಿಗೆ ಬರ್ತದೆ."

"ಬರ್ಲಿ! ಬಂದ್ರೆ ವಾಪಸ್ ನುಂಗು! ನಾಳೆ ಬರ್ಲಿಲ್ಲ ಅಂದ್ರೆ ಮೇಸ್ತ್ರಿಗೆ ಹೇಳಿ ಎಳ್ಕೊಂಡು ಬರ್ಸ್ತೀನಿ!"

ಅಷ್ಟು ಹೇಳಿ ಒಳಗೆ ತಿರುಗಿದರೆ ದನಿ ಜೇನು. "ಅಯ್ಯೋ, ನಿಮ್ಮ ಕಾಫಿ ಆರೋಯ್ತಲ್ಲ. ಬಿಸಿ ಮಾಡ್ಲಾ?"

ಒಳಗಿನ ಬೆಂಚಿನಲ್ಲಿ ಕೂತವರು ನಾವು, ತೋಟ ಗದ್ದೆ ಇದ್ದವರು. ನಮಗೆ ಪುಡಿಯಲ್ಲ, ಬಾಟ್ಲಿ. ಬಾಟ್ಲಿಯ ಹೊಟ್ಟೆಗೆ ಗುಟುಕಿನ ಲೆಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ. ಅದನ್ನು ಅಂಟಿಸುವಾಗ ಅವರು ಉಗುರಿನಿಂದ ಎಷ್ಟು ನಾಜೂಕಾಗಿ ನೀವುತ್ತಿದ್ದರೆಂದರೆ, ಮದುವೆ ಕಾಗದಕ್ಕೆ ಅರಿಶಿನ ಹಚ್ಚುತ್ತಾರೋ ಎನ್ನಬೇಕು. ಮದ್ದು ಕಹಿಯೇ, ಹಾಗಾಗಿ ಮದ್ದೇ. ಮನೆಗೆ ಹೋಗುವಾಗ ನಾವು ನಾವೇ ಮಾತಾಡಿಕೊಳ್ಳುತ್ತಿದ್ದೆವು: ಆಸ್ಪತ್ರೆ ಅಂದ್ರೆ ಇದು ಮಾರಾಯ. ಮನುಷ್ಯನಿಗೆ ಮರ್ಯಾದೆ ಕೊಡೋದು ಗೊತ್ತು ಅವರಿಗೆ.

ಲೈನಿನವರ ಪಾಡು ಇನ್ನೊಂದು ಥರ. ಆ ಪುಡಿ ನುಂಗಿದವರಿಗೆಲ್ಲ ಕಿವಿಯಲ್ಲಿ ಜೇನುಗೂಡು ಹೊಕ್ಕ ಹಾಗೆ ಗುಂಯ್‌ಗುಟ್ಟುತ್ತಿತ್ತು. ರಸ್ತೆಯಲ್ಲಿ ಪಕ್ಕ ಪಕ್ಕ ನಡೆಯುತ್ತ ಗುಡ್ಡದಿಂದ ಗುಡ್ಡಕ್ಕೆ ಕೂಗುವವರ ಹಾಗೆ ಕೂಗಿಕೊಳ್ಳುತ್ತಿದ್ದರು. ನನಗೆ ಇದಕ್ಕಿಂತ ಬೇರೆ ಹಬ್ಬ ಬೇಕೇ? ಎದುರಿಗೆ ನಿಂತು, ದನಿಯೇ ಹೊರಡಿಸದೆ ಬರೀ ತುಟಿ ಅಲ್ಲಾಡಿಸಿ ಮಾತಾಡುತ್ತಿದ್ದೆ. ಆ ಘಟ್ಟದ ಕೆಳಗಿನ ಹೆಂಗಸು ಗಾಬರಿಯಿಂದ ಎರಡು ಕಿವಿಗೂ ಬೆರಳು ಹಾಕಿ ಅಲ್ಲಾಡಿಸಿ, "ಅಯ್ಯೋ ಧಣಿ, ಪೂರ್ತಿ ಹೋಯ್ತು ಕಾಣಿ! ಜೋರಾಗಿ ಹೇಳಿ!" ಎಂದು ಅರಚಿದ್ದಳು.

ಮನೆಗೆ ಬಂದು ಈ ಕಥೆಯನ್ನು ಹೆಂಡತಿಗೆ ಅಭಿನಯಿಸಿ ತೋರಿಸಿದೆ. ಆಗ ಅವಳು ಐದು ತಿಂಗಳ ಬಸುರಿ, ಮೊದಲನೆಯದು. ಅವಳಿಗೂ ಜ್ವರ ಹಿಡಿದಿತ್ತು. ಒಂದು ದಿನ ಬಿಟ್ಟು ಒಂದು ದಿನ ಮಧ್ಯಾಹ್ನವಾಗುತ್ತಲೇ ಹಲ್ಲು ಕಟಕಟಿಸುವ ಚಳಿ, ಆಮೇಲೆ ಬೆಂಕಿಯಂಥ ಮೈ, ಆಮೇಲೆ ಬೆವರು. ನನ್ನ ಎಲ್ಲ ಆಟಕ್ಕೂ ಮೊದಲು ನಗುವವಳು ಅವಳೇ. ಆವತ್ತು ನಗಲಿಲ್ಲ.

"ಅವರಿಗೆ ಕಿವಿ ಗುಂಯ್ ಅನ್ನತ್ತೆ. ನಂಗೆ ಯಾಕೆ ಅನ್ನಲ್ಲ?" ಎಂದಳು.

"ನಿಂಗೆ ಯಾಕೆ ಅನ್ನಬೇಕು?"

"ಮದುವೆಯಾದ ವರ್ಷ ಜ್ವರ ಬಂದಾಗ ಇವರೇ ಕೊಟ್ಟಿದ್ದು, ಆಗ ಅಂದಿತ್ತಲ್ಲ. ಅತ್ತೆ ಕರೆದಿದ್ದು ಕೇಳಿಸದೆ ಬೈಸ್ಕೊಂಡಿದ್ದೆ."

"ಅದು ಹಳೇ ಮದ್ದು ಕಣೆ. ಈಗ ನಮಗೆ ಅಂತ ಬೇರೆ ಹದ ಮಾಡಿ ಕೊಡ್ತಾರೆ, ಕಿವಿಗೆ ಪೆಟ್ಟಾಗ್ದಂಗೆ."

"ಹಂಗಂತ ಅವರು ಹೇಳಿದ್ರಾ?"

"ಹೇಳ್ಬೇಕಾ? ಕೂರ್ಸಿ ಕಾಫಿ ಕೊಡೋದು ನೋಡಿದ್ರೆ ಗೊತ್ತಾಗಲ್ವಾ?"

ಇದು ನನ್ನೊಬ್ಬನ ತಿಳಿವಳಿಕೆಯಲ್ಲ. ಬೆಂಚಿನವರೆಲ್ಲರೂ ಹಾಗೇ ನಂಬಿದ್ದರು. ಒಬ್ಬರಂತೂ ನೆಂಟರ ಮನೆಗೆ ಹೋದಾಗ, "ನಿಮ್ಮ ಆಸ್ಪತ್ರೆ ಮದ್ದಿಗೆ ಕಿವಿ ಗುಂಯ್ ಅನ್ನತ್ತಾ? ಛೆ, ನಮ್ಮಲ್ಲಿ ಅಂಥದ್ದಿಲ್ಲ" ಎಂದು ಮೀಸೆ ತಿರುವಿ ಬಂದಿದ್ದರು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಆದರೆ ಹಾಲು, ತುಪ್ಪ ತಿಂದು ಬೆಳೆದ ಮೈಗಳು, ಬಂದದ್ದು ಒಂದಷ್ಟು ಕಾಡಿಸಿ ಹೋಗುತ್ತಿತ್ತು. ಹೋದಾಗ ಬಾಟ್ಲಿಗೆ ಕೀರ್ತಿ, ಬಂದಾಗ ಹವಾಮಾನಕ್ಕೆ ಬೈಗುಳ.

ಹೆಂಡತಿಯ ಜ್ವರ ಹೋಗಲಿಲ್ಲ. ನಾನು ಬಾಟ್ಲಿ ತರುತ್ತಲೇ ಇದ್ದೆ, ಅವಳು ಕುಡಿಯುತ್ತಲೇ ಇದ್ದಳು. ಕಣ್ಣಿನ ಕೆಳಗೆ ಕಪ್ಪು, ಉಗುರೆಲ್ಲ ಬಿಳಿ. ಒಂದು ಬೆಳಗ್ಗೆ, ಜ್ವರವಿಲ್ಲದ ದಿನ, "ಗಾಡಿ ಕಟ್ಟಿಸಿ, ನಾನೇ ಬರ್ತೀನಿ" ಎಂದಳು.

ಕಾಂಪೌಂಡರು ಅವಳನ್ನು ಕಂಡು ಮೆಟ್ಟಿಲಿಳಿದು ಬಂದರು. ಕೈ ಕಾಯಿಸಿಕೊಂಡು ನಾಡಿ ನೋಡಿದರು. ಬೆನ್ನಿಗೆ ಒರಗಲು ತಮ್ಮದೇ ಕಂಬಳಿ ಮಡಿಸಿಟ್ಟರು. ಕಾಫಿಗೆ ಹಾಲು ಜಾಸ್ತಿ ಹಾಕಿ ಕೊಟ್ಟು, ಹುಟ್ಟುವ ಮಗುವಿಗೆ ನನ್ನ ಬುದ್ಧಿ ಬಾರದಿರಲಿ ಎಂದು ಹರಸಿದರು. ನಾನು ನಕ್ಕೆ. ಹೊರಗೆ ಲೈನಿನವರ ಸಾಲು ನಿಂತಿತ್ತು. ಕಾಂಪೌಂಡರು ಎದ್ದು ಹೋಗಿ ಯಾರಿಗೋ ವಾಚಾಮಗೋಚರ ಬೈದು, ಪುಡಿ ನುಂಗಿಸಿ, ನಾಲಿಗೆ ನೋಡಿ ಬಂದರು. ಹೆಂಡತಿ ಲೋಟ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು.

"ಕಾಂಪೌಂಡರೆ, ನಂಗೂ ಒಂಚೂರು ಬೈಯ್ರಿ" ಎಂದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಂಥ ಹೆಂಡತಿ, ನನ್ನ ಜೊತೆಯಲ್ಲಿದ್ದು ತಯಾರಾಗಿಬಿಟ್ಟಳಲ್ಲ ಎಂದು ಹೆಮ್ಮೆ ಬೇರೆ.

"ನಿಮಗೆ ಬೈಯೋದಾ ತಾಯಿ? ನಾಲಿಗೆ ಬಿದ್ದೋಗ್ತದೆ."

"ಬೀಳ್ಲಿ ಬಿಡಿ. ನಾನೂ ಬಾಯಿ ತೆರೀತೀನಿ, ನಾಲಿಗೆ ತೋರಿಸ್ತೀನಿ. ಬೈದು ಕೊಡೋದನ್ನೇ ಕೊಡಿ."

ಅವರು ಬೆನ್ನು ತಿರುಗಿಸಿ ಕೂತು, ಚೆನ್ನಾಗಿ ಉರಿಯುತ್ತಿದ್ದ ಕೆಂಡವನ್ನು ಕೆದಕಿದರು, ಊದಿದರು, ಮತ್ತೆ ಕೆದಕಿದರು. ಆಮೇಲೆ ಬಾಟ್ಲಿ ತುಂಬಿಸಿ, ಪಟ್ಟಿ ಅಂಟಿಸಿ, ನನ್ನ ಕೈಗೆ ಕೊಟ್ಟರು. ಅವಳ ಕೈಗಲ್ಲ. ಅವಳು ಅರ್ಧ ಕಾಫಿ ಹಾಗೇ ಬಿಟ್ಟು ಎದ್ದಳು. ಗಾಡಿಯಲ್ಲಿ ನಾನು ಆ ಮಾತನ್ನು ಎತ್ತಿ ಎತ್ತಿ ನಗುತ್ತಿದ್ದರೆ ಅವಳು ಎತ್ತುಗಳ ಬಾಲವನ್ನೇ ನೋಡುತ್ತಿದ್ದಳು.

ಮೃಗಶಿರೆಯ ಮಳೆ ಹಿಡಿದ ವಾರ ಮಗು ಹೋಯಿತು. ಹೆಣ್ಣು. ತೋಟದ ಮೇಲಿನ ತಿಟ್ಟಿನಲ್ಲಿ ಮಣ್ಣು ಮಾಡಿದೆವು. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ಅವಳಾದರೂ ಉಳಿಯಲಿ ಎಂದು ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬೆಂಚೂ ಇಲ್ಲ, ಕಾಫಿಯೂ ಇಲ್ಲ. ಗೋಡೆಗೆ ಒರಗಿ ನಿಲ್ಲಬೇಕು. ಡಾಕ್ಟರು ತಲೆಯೆತ್ತಿ ನೋಡಲಿಲ್ಲ. ಇಷ್ಟು ದಿನ ಏನು ಮಾಡ್ತಿದ್ರಿ, ಮಣ್ಣು ತಿನ್ನಿಸ್ತಿದ್ರಾ ಎಂದು ನನಗೆ ಬೈದರು, ಆ ಜ್ವರಕ್ಕೇ ಮಗು ಹೋದದ್ದು ಎಂದರು. ಸರದಿಯಲ್ಲಿ ತಳ್ಳಿಸಿಕೊಂಡು ಪುಡಿ ಪಡೆದೆವು. ಇದೂ ಒಂದು ಆಸ್ಪತ್ರೆಯಾ ಎಂದು ನಾನು ಕುದಿಯುತ್ತಿದ್ದೆ.

ಜ್ವರ ನಿಂತಿತು. ವಾಪಸು ಬರುವಾಗ, ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಆ ಕಾಲದ ಬಸ್ಸು, ಏರು ಸಿಕ್ಕಲ್ಲೆಲ್ಲ ನಿಂತು ಕೆಮ್ಮುತ್ತಿತ್ತು. ಅಂಥದೊಂದು ಏರಿನಲ್ಲಿ ಹೆಂಡತಿ ನನ್ನ ಕಡೆ ತಿರುಗಿ ಕೂಗಿದಳು:

"ಏನಂದ್ರಿ?"

"ನಾನೇನೂ ಅನ್ಲಿಲ್ಲ."

"ಏನು?"

"ಏನೂ ಅನ್ಲಿಲ್ಲ ಮಾರಾಯ್ತಿ!"

ಅವಳು ಎರಡು ಕೈಯಿಂದ ಕಿವಿ ಮುಚ್ಚಿ, ಬಿಟ್ಟು, ಮತ್ತೆ ಮುಚ್ಚಿ ನೋಡಿದಳು. "ಗುಂಯ್ ಅಂತಿದೆ" ಎಂದಳು. ನಕ್ಕಳು. ಇನ್ನು ನಿಮ್ಮ ಮಾತು ಕೇಳೋದು ತಪ್ಪಿತು ಎಂದಳು. ನಗುನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, ತನ್ನ ದನಿ ತನಗೇ ಕೇಳಿಸದ್ದರಿಂದ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

"ಬೈಯ್ರಿ ಅಂತ ನಾನು ಕೇಳಿದ್ದು ತಮಾಷೆಗೆ ಅಂದ್ಕೊಂಡ್ರಾ ನೀವು?"

ಬಸ್ಸಿನವರೆಲ್ಲ ತಿರುಗಿ ನನ್ನ ಮುಖ ನೋಡಿದರು. ದಿಬ್ಬಣ ಓಡಿಸಿದವನು, ಶಾನುಭೋಗರಿಗೆ ಕಪ್ಪೆ ಹಿಡಿಸಿದವನು, ಆ ಸೀಮೆಗೇ ಜಾಣ. ನನಗೆ ಅರ್ಥವಾಗಲು ಬಸ್ಸು ಅಷ್ಟು ದೂರ ಏರಬೇಕಾಯಿತು.

ಅವಳನ್ನು ಮನೆಗೆ ಬಿಟ್ಟು ನೇರ ಆಸ್ಪತ್ರೆಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಬೇರೆ ಯಾರೂ ಇರಲಿಲ್ಲ. ಅವರು ನನ್ನನ್ನು ನೋಡಿದವರೇ ಕಾಫಿಯ ಪಾತ್ರೆಗೆ ಕೈ ಹಾಕಿದರು.

"ಕಾಫಿ ಮುಟ್ಟಿದ್ರೆ ಅಗ್ಗಿಷ್ಟಿಕೆ ಸಮೇತ ಆಚೆ ಎಸೀತೀನಿ" ಎಂದೆ. "ಬಾಟ್ಲೀಲಿ ಏನಿತ್ತು?"

ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. "ನೆಲಬೇವು. ಕಿರಾತಕಡ್ಡಿ. ಕುದಿಸಿದ ನೀರು" ಎಂದರು. ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಮುಂದಿಟ್ಟರು. ತಳದಲ್ಲಿ ಅಂಗೈ ತುಂಬದಷ್ಟು ಬಿಳಿ ಪುಡಿ, ಕ್ವಿನೈನು. "ಯುದ್ಧ ಶುರುವಾದ ಮೇಲೆ ಬರೋದು ಇಷ್ಟೇ. ಮಳೆ ಬಲಿಯೋ ತನಕ ಇದರಲ್ಲೇ ತಳ್ಳಬೇಕು. ಎಲ್ರಿಗೂ ಹಂಚಿದ್ರೆ ಯಾರಿಗೂ ಸಾಲಲ್ಲ. ಅರ್ಧಂಬರ್ಧ ಕೊಟ್ರೆ ಕೊಟ್ಟಿದ್ದೇ ದಂಡ."

"ಅದಕ್ಕೆ ನಮಗೆ ಕಷಾಯ?"

"ನಿಮ್ಮ ಮನೇಲಿ ಹಾಲಿದೆ. ಬೆಚ್ಚಗೆ ಹೊದೆಯೋಕಿದೆ. ಬಿದ್ರೆ ಎತ್ತೋರು ನಾಕು ಜನ ಇದಾರೆ. ಲೈನಲ್ಲಿ ಬಿದ್ದೋನು ಬಿದ್ದಲ್ಲೇ. ಯಾರು ತಡ್ಕೊಳ್ತಾರೆ, ಯಾರು ತಡ್ಕೊಳ್ಳಲ್ಲ ಅಂತ ನೋಡಿದೆ."

"ಬೈಯ್ತಿದ್ದಿದ್ದು?"

"ಬೈದು ಕೊಟ್ಟಿದ್ದಕ್ಕೆ ಯಾರೂ ಆಸೆ ಪಡಲ್ಲ. ಪ್ರೀತಿಯಿಂದ ಕೊಟ್ಟಿದ್ರೆ ನಿಮ್ಮೋರೆಲ್ಲ ನಮಗೂ ಅದೇ ಬೇಕು ಅಂತಿದ್ರಿ."

"ಕಾಫಿ ಕೊಡ್ತಿದ್ದಿದ್ದು?"

ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. "ಮದ್ದು ಕೊಡೋಕಾಗ್ದೋರಿಗೆ ಕಾಫಿ ಆದ್ರೂ ಕೊಡ್ಬೇಕಲ್ಲ" ಎಂದರು.

ನನ್ನ ಕೈ ಮೇಲೆದ್ದಿತ್ತು. ಹೊಡೆಯಲಿಲ್ಲ. "ನನ್ನ ಹೆಂಡತಿ ಬಸುರಿ ಅಂತ ಗೊತ್ತಿತ್ತು. ಬಾಯ್ಬಿಟ್ಟು ಕೇಳಿದ್ಳು. ನಂಗೆ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದಿದ್ರೆ, ಆವತ್ತೇ ಚಿಕ್ಕಮಗಳೂರಿಗೆ ಹೋಗ್ತಿದ್ದೆ. ಮಂಗಳೂರಿಗೆ ನಡೆದಾದ್ರೂ ಹೋಗ್ತಿದ್ದೆ. ನಾನು ನಿಮ್ಮ ಗೆಳೆಯ ಅಲ್ವಾ?"

"ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತು. ಆ ಸಂಜೆನೇ ಈ ಡಬ್ಬಿ ನನ್ನ ಕೈಲಿರ್ತಿರಲಿಲ್ಲ. ನಿಮ್ಮ ಬಾಯಿ ನಂಗೆ ಗೊತ್ತಲ್ಲ."

ಡಬ್ಬಿ ಊರಿಗೆ ಗೊತ್ತಾಗಿದ್ದರೆ ದೊಡ್ಡ ಮನೆಯವರೆಲ್ಲ ಸೇರಿ ಅದನ್ನು ಕಿತ್ತುಕೊಳ್ಳುತ್ತಿದ್ದೆವು, ಅದರಲ್ಲಿ ಸಂಶಯವಿಲ್ಲ. ಅವರು ಮದ್ದು ಕೊಡದೆ ಇದ್ದದ್ದಕ್ಕೆ ಲೆಕ್ಕ ಹೇಳಿದರು, ಆ ಲೆಕ್ಕ ಸರಿ ಇರಬಹುದು. ಆದರೆ ನನ್ನನ್ನು ಕೆಂಡದ ಹತ್ತಿರದ ತುದಿಯಲ್ಲಿ ಕೂರಿಸಿ, ನನ್ನ ಹಾಸ್ಯಕ್ಕೆ ನಕ್ಕು, ಆ ಕೈಯಿಂದಲೇ ನೀರು ತುಂಬಿ ಕೊಟ್ಟರಲ್ಲ! ನಾನು ಎಷ್ಟೋ ಜನರಿಗೆ ಮೋಸ ಮಾಡಿದ್ದೇನೆ. ಮೋಸ ಹೋದವರು ಕೊನೆಯಲ್ಲಿ ನನ್ನ ಜೊತೆಗೇ ನಗುತ್ತಿದ್ದರು. ಇದರಲ್ಲಿ ನಗುವ ಜಾಗವನ್ನು ಇಷ್ಟು ವರ್ಷದಿಂದ ಹುಡುಕುತ್ತಿದ್ದೇನೆ.

ಹೊರಟೆ. ಅವರು ಗೇಟಿನ ತನಕ ಹಿಂದೆ ಬಂದರು. ತುಂತುರು ಬೀಳುತ್ತಿತ್ತು, ಕೊಡೆ ತಂದಿರಲಿಲ್ಲ. ಕೈಮುಗಿದು, "ತಪ್ಪಾಯ್ತು. ನಿಮ್ಮನೆಯವರಿಗೆ ಹೇಳಿ, ತಪ್ಪಾಯ್ತು ಅಂದ್ರು ಅಂತ" ಎಂದರು. ಮನೆಗೆ ಬಂದು ಹೇಳಿದೆ. ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿ, "ಅಂದ್ರಾ?" ಎಂದು ಕೇಳಿದಳು. "ಅಂದ್ರು" ಎಂದೆ. ಮತ್ತೆ ಆರಿಸತೊಡಗಿದಳು. ಆ ರಾತ್ರಿ, ಎಷ್ಟೋ ವಾರಗಳ ಮೇಲೆ, ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಅದೇ ವರ್ಷ ಕಾಫಿ ಹಣ್ಣಿನ ಕುಯ್ಲಿಗೆ ಮುಂಚೆ, ಜಿಲ್ಲೆಯಿಂದ ಒಬ್ಬ ದೊಡ್ಡ ಅಧಿಕಾರಿ ತನಿಖೆಗೆ ಬಂದರು. ಆಸ್ಪತ್ರೆಯ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು, ಆಸ್ಪತ್ರೆ ಹೇಗಿದೆ, ಹೆದರದೆ ಹೇಳಿ ಎಂದರು. ಲೈನಿನವರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. ಆ ಘಟ್ಟದ ಕೆಳಗಿನ ಹೆಂಗಸು, ಈಗ ಮೈ ಕೈ ತುಂಬಿಕೊಂಡಿದ್ದಳು, ಎಲ್ಲರಿಗಿಂತ ಮುಂದೆ ಬಂದು ಹೇಳಿದಳು: "ನಾಯಿಗೂ ಹಾಂಗೆ ಬೈಯುದಿಲ್ಲ ಸ್ವಾಮಿ. ಕೂರು ಅಂತ ಒಂದು ದಿನ ಹೇಳಿದವರಲ್ಲ. ಇವರಿಗೆ ಕಾಫಿ, ನಮಗೆ ವಿಷದಂತ ಪುಡಿ. ಹೊಡಿಯೂದೊಂದು ಬಾಕಿ."

ಬೆಂಚಿನವರು ಒಬ್ಬೊಬ್ಬರೇ ಎದ್ದು ಹೊಗಳಿದರು. ದೇವರಂಥ ಮನುಷ್ಯ ಎಂದರು. ಕೈಗುಣ ಎಂದರು. ಮದ್ದು ಕಿವಿಗೆ ತೊಂದರೆ ಮಾಡುವುದಿಲ್ಲ ಎಂದೂ ಒಬ್ಬರು ಹೇಳಿದರು. ಕ್ವಿನೈನಿಗೆ ಕಿವಿ ಗುಂಯ್ ಅನ್ನಲೇಬೇಕಲ್ಲ, ಅಧಿಕಾರಿಗಳಿಗೆ ಅದು ವಿಚಿತ್ರವಾಗಿ ಕಂಡಿರಬೇಕು, ಹುಬ್ಬೇರಿಸಿದರು. ನಾನು ಸುಮ್ಮನೆ ನಿಂತದ್ದು ಅವರ ಕಣ್ಣಿಗೆ ಬಿತ್ತು.

"ನೀವು ಹೇಳಿ. ನಿಮಗೆ ಈ ಆಸ್ಪತ್ರೆಯಿಂದ ತೃಪ್ತಿಯಾಗಿದೆಯೇ?"

ಕಾಂಪೌಂಡರು ಬಾಗಿಲಲ್ಲಿ ನಿಂತಿದ್ದರು. ಆ ಕೆಂಪು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನನ್ನ ಒಂದು ಮಾತಿಗೆ ಅವರ ಕೆಲಸ, ಮಾನ, ಡಬ್ಬಿ ಎಲ್ಲವೂ ಹೋಗುತ್ತಿತ್ತು. ಅವರು ನನ್ನ ಕಡೆ ನೋಡಿ ಬೇಡಿಕೊಳ್ಳಲೂ ಇಲ್ಲ, ನೋಡದೆ ತಪ್ಪಿಸಿಕೊಳ್ಳಲೂ ಇಲ್ಲ.

"ಕಾಫಿ ಬಹಳ ಚೆನ್ನಾಗಿರ್ತದೆ ಸ್ವಾಮಿ" ಎಂದೆ.

ಅಂಗಳವೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕರು. ಕಾಂಪೌಂಡರ ಮುಖದಲ್ಲಿ ಮಾತ್ರ ಕಾದ ಕಬ್ಬಿಣ ಇಟ್ಟ ಹಾಗೆ ಏನೋ ಹಾದು ಹೋಯಿತು. ನನಗೆ ಬೇಕಾದದ್ದು ಅದೇ ಆಗಿತ್ತು. ಸಿಕ್ಕಿದ ಮೇಲೆ ಅಂಥ ಸಂತೋಷವೇನೂ ಆಗಲಿಲ್ಲ.

ಬಡವರನ್ನು ನಿಂದಿಸುತ್ತಾರೆ ಎಂಬ ಕಾರಣಕ್ಕೆ ಅವರನ್ನು ಕಳಸದ ಆಚೆಗೆ ವರ್ಗ ಮಾಡಿದರು. ಹೊರಟ ದಿನ ಬೆಂಚಿನವರು ಗಂಧದ ಹಾರ ಹಾಕಿ ಅತ್ತರು. ಲೈನಿನ ಕಡೆಯಿಂದ ಒಂದು ನಾಯಿಯೂ ಬರಲಿಲ್ಲ. ನಾನೂ ಹೋಗಲಿಲ್ಲ. ಯುದ್ಧ ಮುಗಿದ ಮೇಲೆ ಅಲ್ಲೇ ತೀರಿಕೊಂಡರು ಎಂದು ಬಸ್ಸಿನ ಡ್ರೈವರೊಬ್ಬ ಹೇಳಿದ. ನೋಡಿಕೊಳ್ಳಲು ಸಂಬಂಧಿಕರು ಯಾರೂ ಇರಲಿಲ್ಲವಂತೆ. ಕೇಳಿ ಹೆಂಡತಿ ತಲೆಗೆ ಸ್ನಾನ ಮಾಡಿದಳು. ಅಷ್ಟು ಹೊತ್ತಿಗೆ ನಮಗೆ ಗಂಡು ಮಗುವಾಗಿ ಅಂಬೆಗಾಲಿಡುತ್ತಿತ್ತು.

ಆ ಘಟ್ಟದ ಕೆಳಗಿನ ಹೆಂಗಸು ಬಹಳ ಕಾಲ ಬದುಕಿದಳು. ಮುದುಕಿಯಾದ ಮೇಲೆ ನಮ್ಮ ತೋಟಕ್ಕೇ ಮೆಣಸು ಕುಯ್ಯಲು ಬರುತ್ತಿದ್ದಳು. ಮೊಮ್ಮಕ್ಕಳಿಗೆ ಆ ಪಿಶಾಚಿ ಕಾಂಪೌಂಡರ ಕಥೆ ಹೇಳಿ ಹೆದರಿಸುತ್ತಿದ್ದಳು. ಒಂದು ದಿನ ತಡೆಯಲಾರದೆ, "ನಿನ್ನ ಜೀವ ಉಳಿಸಿದ್ದೇ ಅವರು ಮಾರಾಯ್ತಿ. ಆ ವರ್ಷ ಇಡೀ ಊರಿನ ಮದ್ದು ತಿಂದೋಳು ನೀನು" ಎಂದೆ.

ಅವಳು ಬೊಚ್ಚುಬಾಯಿ ತೆರೆದು ನಕ್ಕಳು. "ಧಣಿ, ನೀವು ಹೇಳಿದ್ದನ್ನು ಯಾರಾದ್ರೂ ನಂಬ್ತಾರಾ?"

ನೀವೂ ನಂಬಬೇಕಾಗಿಲ್ಲ. ಆದರೆ ಇದರಲ್ಲಿ ನಾನು ಕಟ್ಟಿದ್ದು ಒಂದೇ ಒಂದು, ಅದನ್ನು ಹೇಳಿ ಮುಗಿಸುತ್ತೇನೆ. ಆವತ್ತು ಗೇಟಿನ ತನಕ ಅವರು ಬಂದದ್ದು ನಿಜ, ತುಂತುರು ಬೀಳುತ್ತಿದ್ದದ್ದೂ ನಿಜ. ತಪ್ಪಾಯ್ತು ಎಂದು ಅವರು ಹೇಳಲಿಲ್ಲ. ಗೇಟು ಹಿಡಿದುಕೊಂಡು ನಿಂತಿದ್ದರು, ಅಷ್ಟೇ. ಹೇಳುತ್ತಾರೇನೋ ಎಂದು ನಾನು ಅಂಗಿ ಪೂರ್ತಿ ಒದ್ದೆಯಾಗುವ ತನಕ ಕಾದೆ. ಆಮೇಲೆ, ಮನೆಯಲ್ಲಿ ಕಾಯುತ್ತಿದ್ದವಳಿಗೆ ಏನಾದರೂ ತೆಗೆದುಕೊಂಡು ಹೋಗಬೇಕಲ್ಲ ಎಂದು, ದಾರಿಯಲ್ಲಿ ನಾನೇ ಆ ಮಾತನ್ನು ಕಟ್ಟಿಕೊಂಡೆ.